ಮನೆಮಂದಿಯ ಫೋಟೋಗೆ ಹಗುರ ಕ್ಯಾಮೆರಾ: ನಿಮ್ಮ ಹಾಲ್‌ಗೆ ಯಾವುದು ಸರಿ?

ಅಂಗಡಿಯಲ್ಲಿ ನಿಂತು ಪರೀಕ್ಷೆ ಮಾಡಿದರೆ ಯಾವ ಕ್ಯಾಮೆರಾ ಬೇಕಾದರೂ ಒಳ್ಳೆಯ ಫೋಟೋ ಕೊಡುತ್ತದೆ. ತಲೆಯ ಮೇಲೆ ಸಾಲು ಸಾಲು ಲೈಟು, ಎದುರಿಗೆ ಅಲುಗಾಡದೆ ನಿಂತ ಸೇಲ್ಸ್ ಹುಡುಗ. ಅದೇ ಕ್ಯಾಮೆರಾ ಮನೆಗೆ ತನ್ನಿ. ಸಂಜೆ ಏಳು ಗಂಟೆ, ಹಾಲ್‌ನಲ್ಲಿ ಒಂದೇ ಎಲ್‌ಇಡಿ ಟ್ಯೂಬು, ಸೋಫಾದಿಂದ ದಿವಾನಕ್ಕೆ ಹಾರುವ ಮೂರು ವರ್ಷದ ಮಗು. ಕೊಟ್ಟ ದುಡ್ಡಿಗೆ ಏನು ಬಂತು ಅನ್ನುವುದು ಆಗ ಗೊತ್ತಾಗುತ್ತದೆ.

ಮನೆಮಂದಿಯ ಫೋಟೋಗಳು ಜಾಸ್ತಿ ತೆಗೆಯುವುದು ಮನೆಯೊಳಗೇ ಅಲ್ವಾ? ನಾಮಕರಣ, ಹುಟ್ಟುಹಬ್ಬ, ಗೌರಿ ಕೂರಿಸಿದ ಮೂಲೆ, ಊಟದ ಪಂಕ್ತಿ, ಹೂ ಕಟ್ಟುತ್ತಾ ಕೂತ ಅಜ್ಜಿ. ಹಾಗಾಗಿ ನಾನು ಕೇಳುವ ಮೊದಲ ಪ್ರಶ್ನೆ, ನಿಮ್ಮ ಹಾಲ್‌ನಲ್ಲಿ ಬೆಳಕು ಎಷ್ಟಿದೆ, ಹಾಲ್ ಎಷ್ಟು ಉದ್ದ ಇದೆ ಅನ್ನುವುದು. ಆಮೇಲೆ ತೂಕ. ಬ್ರ್ಯಾಂಡ್ ಕೊನೆಗೆ. ಅಂಗಡಿಯವರು ಇದನ್ನು ಪೂರ್ತಿ ಉಲ್ಟಾ ಹೇಳುತ್ತಾರೆ.

ಫೋನ್ ಸಾಕಾಗುವವರು

ಹಗಲು ಹೊತ್ತು, ಅಂಗಳ, ಪಾರ್ಕು, ಪ್ರವಾಸ. ತೆಗೆದದ್ದು ನೇರ ಫ್ಯಾಮಿಲಿ ಗ್ರೂಪ್‌ಗೆ. ನಿಮ್ಮ ಫೋಟೋಗಳೆಲ್ಲ ಇಷ್ಟೇ ಆದರೆ ಕ್ಯಾಮೆರಾ ಬೇಡ, ದುಡ್ಡು ಉಳಿಸಿ. ಈಗಿನ ಒಳ್ಳೆಯ ಫೋನು ಹಗಲಲ್ಲಿ ಯಾರಿಗೂ ಕಮ್ಮಿಯಿಲ್ಲ.

ಫೋನ್ ಸೋಲುವುದು ಕತ್ತಲಲ್ಲಿ ಓಡುವವರ ಮುಂದೆ. ಬೆಳಕು ಕಮ್ಮಿಯಾದಾಗ ಅದು ಒಂದರ ಹಿಂದೆ ಒಂದು ಹಲವು ಫ್ರೇಮ್ ತೆಗೆದು ಒಟ್ಟು ಸೇರಿಸುತ್ತದೆ. ಕೂತವರ ಮುಖ ಚೆನ್ನಾಗಿ ಬರುತ್ತದೆ, ಓಡುವ ಮಗುವಿನ ಕೈ ಮಾತ್ರ ಬಣ್ಣ ಕಲಸಿದ ಹಾಗೆ ಮಸುಕಾಗುತ್ತದೆ. ದುಬಾರಿ ಫೋನಿನಲ್ಲಿ ಬೆಳಕು ಹಿಡಿಯುವ ಮುಖ್ಯ ಸೆನ್ಸರ್‌ಗಿಂತ ಎಪಿಎಸ್-ಸಿ ಅನ್ನುವ ಅಳತೆಯ ಕ್ಯಾಮೆರಾ ಸೆನ್ಸರ್ ಸುಮಾರು ಐದು ಪಟ್ಟು ದೊಡ್ಡದು. ಮುಂದೆ ಹೇಳುವ ಹಗುರ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ, ಲೆನ್ಸ್ ಬದಲಾಯಿಸಬಹುದಾದ) ಕ್ಯಾಮೆರಾಗಳಲ್ಲಿ ಇರುವುದು ಇದೇ ಅಳತೆ.

ತೂಕವನ್ನು ಲೆನ್ಸ್ ಸೇರಿಸಿ ನೋಡಿ

ಕಂಪನಿಗಳು ದಪ್ಪಕ್ಷರದಲ್ಲಿ ಹಾಕುವುದು ಬರೀ ಬಾಡಿಯ ತೂಕ. ಲೆನ್ಸ್ ಇಲ್ಲದೆ ಫೋಟೋ ತೆಗೆಯುವವರು ಯಾರು? ಬ್ಯಾಟರಿ, ಕಾರ್ಡು, ಡಬ್ಬಿಯಲ್ಲೇ ಜೊತೆಗೆ ಬರುವ ಕಿಟ್ ಲೆನ್ಸ್ ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಚಿತ್ರ ಬೇರೆ ಬರುತ್ತದೆ. ಸೋನಿ ಝಡ್‌ವಿ-ಇ10 ಸುಮಾರು 460 ಗ್ರಾಂ. ಕ್ಯಾನನ್ ಆರ್50 ಸುಮಾರು 505. ಸೋನಿ ಎ6400 ಸುಮಾರು 520. ನಿಕಾನ್ ಝಡ್30 ಸುಮಾರು 540. ಅರ್ಧ ಲೀಟರ್ ನಂದಿನಿ ಪ್ಯಾಕೆಟ್ ಕೈಯಲ್ಲಿ ಹಿಡಿದರೆ ಎಷ್ಟೋ, ಹೆಚ್ಚುಕಮ್ಮಿ ಅಷ್ಟೇ.

ಈಗ ನಿಕಾನ್ ಝಡ್50 ಎರಡನೇ ಮಾಡೆಲ್ ನೋಡಿ. 2024ರ ನವೆಂಬರ್‌ನಲ್ಲಿ ಬಂದದ್ದು, ಒಳ್ಳೆಯ ಕ್ಯಾಮೆರಾ. ಕಿಟ್ ಲೆನ್ಸ್ ಸೇರಿದರೆ 685 ಗ್ರಾಂ ಆಗುತ್ತದೆ. ಎಷ್ಟೋ ಮನೆಗಳ ಬೀರುವಿನಲ್ಲಿ ಮಲಗಿರುವ ಕ್ಯಾನನ್ 1500ಡಿ ಡಿಎಸ್ಎಲ್ಆರ್ (ಒಳಗೆ ಕನ್ನಡಿ ಇರುವ ಹಳೆಯ ಬಗೆ) ಕೂಡ ಅದರ 18-55 ಎಂಎಂ ಕಿಟ್ ಲೆನ್ಸ್ ಹಾಕಿದರೆ 675ರ ಆಸುಪಾಸು. ಮಿರರ್‌ಲೆಸ್ ಅಂದ ಮಾತ್ರಕ್ಕೆ ಹಗುರ ಅಂದುಕೊಳ್ಳಬೇಡಿ. ಗಾತ್ರ ಚಿಕ್ಕದು, ಚೀಲದಲ್ಲಿ ಜಾಗ ಕಮ್ಮಿ ಸಾಕು, ಅದು ನಿಜ. ಆದರೆ ಕುತ್ತಿಗೆಗೆ ಗೊತ್ತಾಗುವುದು ಗ್ರಾಂ.

ಹಾಗಂತ ಐವತ್ತು ಗ್ರಾಂ ಹೆಚ್ಚುಕಮ್ಮಿಗೆ ತಲೆ ಕೆಡಿಸಿಕೊಳ್ಳುವುದೂ ಬೇಡ. ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಕ್ಯಾಮೆರಾ. ಹೀಗೆ ಹಿಡಿದು ಬೆರಳು ಶಟರ್ ಬಟನ್‌ಗೆ ಸರಾಗವಾಗಿ ಹೋಗುತ್ತದಾ? ಅಂಗಡಿಯಲ್ಲಿ ಒಂದೇ ಕೈಯಲ್ಲಿ ಎತ್ತಿ ನೋಡಿ. ಹಿಡಿತ ಚೆನ್ನಾಗಿದ್ದರೆ ನೂರು ಗ್ರಾಂ ಜಾಸ್ತಿಯಿದ್ದರೂ ಹಗುರ ಅನಿಸುತ್ತದೆ. ಈ ವಿಷಯದಲ್ಲಿ ನಿಕಾನ್‌ನ ಎರಡೂ ಕ್ಯಾಮೆರಾ ಮುಂದು. ದೊಡ್ಡ ಕೈಯವರಿಗೆ ಆರ್50 ಹಿಡಿದರೆ ಕಿರುಬೆರಳಿಗೆ ಜಾಗವೇ ಸಿಗುವುದಿಲ್ಲ.

ಅಸಲಿ ವಿಷಯ ಲೆನ್ಸ್

ಬಾಡಿ ಯಾವುದು ಅಂತ ತಿಂಗಳುಗಟ್ಟಲೆ ಯೂಟ್ಯೂಬ್ ನೋಡಿ, ಲೆನ್ಸ್ ಮಾತ್ರ ಡಬ್ಬಿಯಲ್ಲಿ ಬಂದದ್ದನ್ನೇ ಹಾಕಿಕೊಂಡು ಕೂರುವವರೇ ಜಾಸ್ತಿ. ಮನೆಯೊಳಗಿನ ಫೋಟೋ ಕೆಡುವುದು ಇಲ್ಲೇ.

ಲೆಕ್ಕ ನೋಡಿ. ರಾತ್ರಿ ಸಾಧಾರಣ ಬೆಳಕಿರುವ ಹಾಲ್ ಅಂದರೆ ಸುಮಾರು 160 ಲಕ್ಸ್ (ಬೆಳಕಿನ ಅಳತೆ) ಅಂತ ಇಟ್ಟುಕೊಳ್ಳೋಣ. ಕ್ಯಾಮೆರಾದ ಐಎಸ್ಓ, ಅಂದರೆ ಬೆಳಕಿಗೆ ಅದರ ಸೂಕ್ಷ್ಮತೆ, 1600ರಲ್ಲಿದೆ. ಕ್ಯಾನನ್ ಕಿಟ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಿಂಡಿ, ಎಫ್ 6.3ಕ್ಕೆ ಇಳಿಯುತ್ತದೆ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು), ಸಿಗುವ ಶಟರ್ ಸ್ಪೀಡ್, ಅಂದರೆ ಶಟರ್ ತೆರೆದಿರುವ ಹೊತ್ತು, ಸೆಕೆಂಡಿನ 25ನೇ ಒಂದು ಭಾಗ. ಮಗು ತಲೆ ತಿರುಗಿಸಿದರೂ ಸಾಕು, ಮಸುಕು. ಅದೇ ಜಾಗ, ಅದೇ ಐಎಸ್ಓ, ಎಫ್ 1.8 ಲೆನ್ಸ್ ಹಾಕಿ: ಸೆಕೆಂಡಿನ 320ನೇ ಒಂದು ಭಾಗ ಸಿಗುತ್ತದೆ. ಹನ್ನೆರಡು ಪಟ್ಟು ಬೆಳಕು ಒಳಗೆ ಬಂದಿದೆ. ಸೋಫಾದಿಂದ ಹಾರಿದ ಮಗು ಗಾಳಿಯಲ್ಲೇ ನಿಲ್ಲುತ್ತದೆ.

ಕಿಟ್ ಲೆನ್ಸಲ್ಲಿ ಸ್ಟೆಬಿಲೈಸೇಷನ್ ಇದೆಯಲ್ಲ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಅದು ತಡೆಯುವುದು ನಿಮ್ಮ ಕೈ ನಡುಕವನ್ನು. ಮಗುವಿನ ಓಟವನ್ನು ಅದು ತಡೆಯುವುದಿಲ್ಲ. ಇರುವ ಕಿಟ್ ಲೆನ್ಸಲ್ಲೇ ಸುಧಾರಿಸಬೇಕಾದರೆ ಜೂಮ್ ಮಾಡದೆ ವೈಡ್‌ನಲ್ಲೇ ಇಟ್ಟು ನೀವೇ ಹತ್ತಿರ ಹೋಗಿ. ಆ ಕ್ಯಾನನ್ ಲೆನ್ಸಲ್ಲಾದರೆ 18 ಎಂಎಂನಲ್ಲಿ ಎಫ್ 4.5 ಸಿಗುತ್ತದೆ, ಸ್ಪೀಡ್ ಇಮ್ಮಡಿಯಾಗುತ್ತದೆ.

ಹಾಗಾದರೆ ಎಫ್ 1.8 ಲೆನ್ಸಲ್ಲಿ ಯಾವುದು ತರಬೇಕು? ಎಲ್ಲರೂ 50 ಎಂಎಂ ತರುತ್ತಾರೆ (ಎಂಎಂ ಸಂಖ್ಯೆ ಹೆಚ್ಚಿದಷ್ಟೂ ಫ್ರೇಮಿಗೆ ಬರುವ ಅಗಲ ಕಮ್ಮಿ). ಕಮ್ಮಿ ಬೆಲೆ, ಹಿನ್ನೆಲೆ ಚೆನ್ನಾಗಿ ಮಸುಕಾಗುತ್ತದೆ, ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಅಪಾರ್ಟ್‌ಮೆಂಟ್ ಹಾಲ್‌ನಲ್ಲಿ ಅದು ಕಷ್ಟ. ಹತ್ತು ಅಡಿ ದೂರ ನಿಂತು ಕ್ಯಾನನ್ ಆರ್50ಯಲ್ಲಿ 50 ಎಂಎಂ ಹಾಕಿ ಅಡ್ಡ ಫೋಟೋ ತೆಗೆದರೆ ಫ್ರೇಮಿನೊಳಗೆ ಬರುವುದು ನಾಲ್ಕೂವರೆ ಅಡಿ ಅಗಲ ಮಾತ್ರ. ಸೋಫಾದಲ್ಲಿ ಕೂತ ಮೂರು ಜನರಲ್ಲಿ ಒಬ್ಬರ ಭುಜ ಹೋಯಿತು. ಹಿಂದೆ ಸರಿಯೋಣ ಅಂದರೆ ಬೆನ್ನಿಗೆ ಟಿವಿ ಸ್ಟ್ಯಾಂಡು. ಅದೇ ಹತ್ತು ಅಡಿಗೆ ಸೋನಿಯಲ್ಲಿ 30 ಎಂಎಂ ಹಾಕಿದರೆ ಸುಮಾರು ಎಂಟು ಅಡಿ ಅಗಲ ಸಿಗುತ್ತದೆ. ಕ್ಯಾನನ್‌ನಲ್ಲಿ 28 ಎಂಎಂ ಹಾಕಿದರೂ ಅಷ್ಟೇ. ನಿಕಾನ್‌ನಲ್ಲಿ 24 ಎಂಎಂ ಹಾಕಿದರೆ ಹತ್ತು ಅಡಿಯ ಹತ್ತಿರ. ದೊಡ್ಡ ತೊಟ್ಟಿ ಮನೆ, ಉದ್ದನೆಯ ಜಗಲಿ ಇರುವವರು 50 ತಗೊಳ್ಳಿ, ಬೇಡ ಅನ್ನುವುದಿಲ್ಲ. ಅಂಗಳದಲ್ಲಿ ಒಬ್ಬೊಬ್ಬರದೇ ಮುಖ ತೆಗೆಯಲು ಅದರಷ್ಟು ಚಂದ ಇನ್ನೊಂದಿಲ್ಲ. ಎರಡು ಬೆಡ್‌ರೂಮಿನ ಮನೆಯಾದರೆ 24ರಿಂದ 30ರ ಒಳಗೆ ಹುಡುಕಿ.

ಒಂದು ಎಚ್ಚರಿಕೆ. ಅಪರ್ಚರ್ ಪೂರ್ತಿ ತೆರೆದಿಟ್ಟು ಗ್ರೂಪ್ ಫೋಟೋ ತೆಗೆಯಬೇಡಿ. 30 ಎಂಎಂ ಲೆನ್ಸಲ್ಲಿ ಎಫ್ 1.8 ಇಟ್ಟು ಹತ್ತು ಅಡಿಯಿಂದ ತೆಗೆದರೆ ಮುಂದೆ ಹಿಂದೆ ಸೇರಿ ಎರಡೂವರೆ ಅಡಿಯಷ್ಟು ಮಾತ್ರ ಶಾರ್ಪ್ ಆಗಿರುತ್ತದೆ. ಮುಂದೆ ಚಾಪೆ ಮೇಲೆ ಕೂತ ಮಕ್ಕಳು ಶಾರ್ಪ್, ಹಿಂದೆ ನಿಂತ ದೊಡ್ಡಪ್ಪ ಮಸುಕು. ಫೋಟೋ ಗ್ರೂಪ್‌ಗೆ ಬಂದ ದಿನವೇ ಅವರು ಕೇಳುತ್ತಾರೆ. ಎಫ್ 4ಕ್ಕೆ ಇಳಿಸಿ, ಐದೂವರೆ ಅಡಿ ಸಿಗುತ್ತದೆ. ಗ್ರೂಪ್ ಫೋಟೋಗೆ ಎಲ್ಲರೂ ನಿಂತಿರುತ್ತಾರೆ, ಸ್ಪೀಡ್ ಕಮ್ಮಿಯಾದರೂ ನಡೆಯುತ್ತದೆ.

ಈಗ ಕ್ಯಾಮೆರಾಗಳು

ಕ್ಯಾನನ್ ಆರ್50, 2023ರದ್ದು. ಮನೆಯಲ್ಲಿ ಎಲ್ಲರೂ ಬಳಸಬೇಕು, ಅಪ್ಪ ಅಮ್ಮನ ಕೈಗೆ ಕೊಟ್ಟರೂ ಹೆದರಬಾರದು ಅಂದರೆ ಇದು. ಮೆನು ಸುಲಭ, ಸ್ಕ್ರೀನ್ ಮುಟ್ಟಿದರೆ ಅಲ್ಲಿಗೆ ಫೋಕಸ್ ಆಗುತ್ತದೆ, ಮಗುವಿನ ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತದೆ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇದೆ, ಚಿಕ್ಕ ಫ್ಲ್ಯಾಶ್ ಇದೆ, ಸ್ಕ್ರೀನ್ ಪಕ್ಕಕ್ಕೆ ತೆರೆದು ತಿರುಗುತ್ತದೆ. ಕೊರತೆ ಇರುವುದು ಲೆನ್ಸಲ್ಲಿ. ಕ್ಯಾನನ್‌ನ ಚಿಕ್ಕ ಪ್ರೈಮ್ (ಜೂಮ್ ಇಲ್ಲದ) ಲೆನ್ಸ್‌ಗಳು ಫುಲ್ ಫ್ರೇಮ್, ಅಂದರೆ ಇನ್ನೂ ದೊಡ್ಡ ಸೆನ್ಸರ್‌ನ ಕ್ಯಾಮೆರಾಗಳಿಗೆಂದು ಮಾಡಿದವು, ಇದಕ್ಕೂ ಕೂರುತ್ತವೆ. ಅವುಗಳಲ್ಲಿ 28 ಎಂಎಂ ಎಫ್ 2.8 ಬರೀ 120 ಗ್ರಾಂ, ಚಪ್ಪಟೆ ಲೆನ್ಸು. ಅದನ್ನು ಹಾಕಿದರೆ ಪೂರ್ತಿ ಕ್ಯಾಮೆರಾ ಐನೂರು ಗ್ರಾಂ ದಾಟುವುದಿಲ್ಲ, ಹೆಂಗಸರ ವ್ಯಾನಿಟಿ ಬ್ಯಾಗಿನಲ್ಲೂ ಹಿಡಿಯುತ್ತದೆ. ಬೆಳಕು ಎಫ್ 1.8ರಷ್ಟು ಬರುವುದಿಲ್ಲ, ಐಎಸ್ಓ 3200ಕ್ಕೆ ಏರಿಸಬೇಕಾಗುತ್ತದೆ. ಫೋಟೋದಲ್ಲಿ ಸ್ವಲ್ಪ ಮರಳಿನಂಥ ಕಾಳು ಕಾಣುತ್ತದೆ. ಕಾಳು ಕಂಡರೂ ಪರವಾಗಿಲ್ಲ, ಅಲುಗಿದ ಫೋಟೋ ಮಾತ್ರ ಬೇಡ ಅನ್ನುವವನು ನಾನು. ಕಾಳೂ ಬೇಡ ಅನ್ನುವವರಿಗೆ ಸಿಗ್ಮಾ ಕಂಪನಿ ಈಗ ಕ್ಯಾನನ್‌ಗೂ 30 ಎಂಎಂ ಎಫ್ 1.4 ಮಾಡುತ್ತಿದೆ.

ಸೋನಿ ಎ6400, 2019ರದ್ದು. ಹಳೆಯದು ಅಂತ ಮೂಗು ಮುರಿಯಬೇಡಿ. ಓಡುವವರ ಬೆನ್ನು ಹತ್ತುವ ಫೋಕಸ್ ಇವತ್ತಿಗೂ ಚುರುಕು. ಲೆನ್ಸ್‌ಗಳ ಆಯ್ಕೆಯಂತೂ ಇಲ್ಲಿಯಷ್ಟು ಬೇರೆಲ್ಲೂ ಇಲ್ಲ, ಸೆಕೆಂಡ್ ಹ್ಯಾಂಡ್ ಕೂಡ ಸುಲಭವಾಗಿ ಸಿಗುತ್ತವೆ. ಸಿಗ್ಮಾ 30 ಎಂಎಂ ಎಫ್ 1.4 ಇದೆ, 265 ಗ್ರಾಂ. ಸೋನಿಯದೇ 35 ಎಂಎಂ ಎಫ್ 1.8 ಇದೆ, 154 ಗ್ರಾಂ, ಅದರೊಳಗೇ ಸ್ಟೆಬಿಲೈಸೇಷನ್ ಕೂಡ ಇದೆ. ಈ ಕ್ಯಾಮೆರಾದ ಚಿಕ್ಕ ಫ್ಲ್ಯಾಶ್‌ನಲ್ಲಿ ಒಂದು ಕೈಚಳಕ ಇದೆ. ಮೇಲೆ ಎದ್ದ ಫ್ಲ್ಯಾಶನ್ನು ಎಡಗೈ ತೋರುಬೆರಳಿನಿಂದ ಮೆಲ್ಲಗೆ ಹಿಂದಕ್ಕೆ ಎಳೆದು ಹಿಡಿದರೆ ಅದು ಛಾವಣಿ ನೋಡುತ್ತದೆ. ಬಿಳಿ ಛಾವಣಿಗೆ ಬಡಿದ ಬೆಳಕು ಇಡೀ ಕೋಣೆಗೆ ಮೆತ್ತಗೆ ಇಳಿಯುತ್ತದೆ. ಹಣೆ ಮಿನುಗುವುದಿಲ್ಲ, ಹಿಂದಿನ ಗೋಡೆಯ ಮೇಲೆ ಕಪ್ಪು ನೆರಳು ಬೀಳುವುದಿಲ್ಲ. ಹೆಂಚಿನ ಮನೆಯಲ್ಲಿ ಇದು ನಡೆಯುವುದಿಲ್ಲ, ತಾರಸಿ ಮನೆಯೇ ಬೇಕು. ಮೆನು ಮಾತ್ರ ಗೊಂದಲದ ಗೂಡು. ಒಂದು ಭಾನುವಾರ ಕೂತು ಬೇಕಾದ್ದನ್ನೆಲ್ಲ ಬಟನ್‌ಗಳಿಗೆ ಹಾಕಿಟ್ಟುಕೊಂಡು, ಆಮೇಲೆ ಮೆನು ಕಡೆ ತಲೆ ಹಾಕದಿರುವುದು ಒಳ್ಳೆಯದು.

ನಿಕಾನ್ ಝಡ್30 ಮತ್ತು ಝಡ್50 ಎರಡನೇ ಮಾಡೆಲ್. ಇವೆರಡನ್ನೂ ಒಟ್ಟಿಗೆ ಹೇಳುವುದಕ್ಕೆ ಕಾರಣ ಒಂದು ಲೆನ್ಸು: ನಿಕಾನ್‌ನ 24 ಎಂಎಂ ಎಫ್ 1.7. ತೂಕ 135 ಗ್ರಾಂ, ಕಿಟ್ ಲೆನ್ಸಿನಷ್ಟೇ. ಹತ್ತು ಅಡಿಗೆ ಹತ್ತು ಅಡಿ ಅಗಲ, ಕಿಟ್ ಲೆನ್ಸ್ ಜೂಮ್ ಮಾಡಿದಾಗಿನದಕ್ಕಿಂತ ಹದಿಮೂರು ಪಟ್ಟಿಗೂ ಹೆಚ್ಚು ಬೆಳಕು. ಚಿಕ್ಕ ಹಾಲ್‌ಗೆ ಇದಕ್ಕಿಂತ ಚೊಕ್ಕ ಜೋಡಿ ನನ್ನ ಕಣ್ಣಿಗೆ ಬಿದ್ದಿಲ್ಲ. ಝಡ್30 ಜೊತೆ ಇದು 540 ಗ್ರಾಂ. ಆದರೆ ಝಡ್30ಕ್ಕೆ ವ್ಯೂಫೈಂಡರೂ ಇಲ್ಲ, ಫ್ಲ್ಯಾಶೂ ಇಲ್ಲ. ಮನೆಯೊಳಗೆ ಅದರಿಂದ ಏನೂ ತೊಂದರೆಯಾಗುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಊರ ಜಾತ್ರೆಗೆ ಹೋದಾಗ ಗೊತ್ತಾಗುತ್ತದೆ: ಸ್ಕ್ರೀನ್ ಮೇಲೆ ನಿಮ್ಮ ಮುಖವೇ ಕಾಣುತ್ತದೆ, ತೇರು ಕಾಣುವುದಿಲ್ಲ. ಚಾಳೀಸು ಬಂದವರಿಗೂ ತೋಳು ಚಾಚಿ ಸ್ಕ್ರೀನ್ ನೋಡುವುದು ಕಿರಿಕಿರಿ. ವ್ಯೂಫೈಂಡರ್ ಇದ್ದರೆ ಅದರ ಚಿಕ್ಕ ಗಾಲಿ ತಿರುಗಿಸಿ ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಬಹುದು. ಅಂಥವರು 145 ಗ್ರಾಂ ಜಾಸ್ತಿ ಹೊತ್ತು ಝಡ್50 ಎರಡನೇ ಮಾಡೆಲ್ ತಗೊಳ್ಳುವುದು ಸರಿ. ಫೋಕಸ್ ಕೂಡ ಅದರಲ್ಲಿ ಒಂದು ತಲೆಮಾರು ಮುಂದಿದೆ.

ಸೋನಿ ಝಡ್‌ವಿ-ಇ10 ವಿಡಿಯೋ ಮಾಡುವವರ ಕ್ಯಾಮೆರಾ. ಫೋಟೋನೂ ಚೆನ್ನಾಗಿ ತೆಗೆಯುತ್ತದೆ, ವ್ಯೂಫೈಂಡರ್ ಇಲ್ಲ. 2024ರಲ್ಲಿ ಬಂದ ಅದರ ಎರಡನೇ ಮಾಡೆಲ್‌ನಲ್ಲಿ ಮೆಕ್ಯಾನಿಕಲ್ ಶಟರನ್ನೇ ತೆಗೆದುಹಾಕಿದ್ದಾರೆ, ಬರೀ ಎಲೆಕ್ಟ್ರಾನಿಕ್. ಮದುವೆ ಛತ್ರಗಳಿಗೆ ಹೋಗುವವರಿಗೆ ಇದು ಸಣ್ಣ ವಿಷಯ ಅಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು, ಲೈಟುಗಳು ಮಿಣುಕುವುದು 100 ಸಲ. ಅಗ್ಗದ ಎಲ್‌ಇಡಿಗಳಲ್ಲಿ ಈ ಮಿಣುಕು ಜೋರು. ಎಲೆಕ್ಟ್ರಾನಿಕ್ ಶಟರ್ ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುವುದರಿಂದ ಫೋಟೋದಲ್ಲಿ ಅಡ್ಡ ಪಟ್ಟಿಗಳು ಬೀಳುತ್ತವೆ. ಮದುಮಗಳ ರೇಷ್ಮೆ ಸೀರೆಯ ಮೇಲೆ ಇಲ್ಲದ ಗೆರೆಗಳು! ಬೇರೆ ಕ್ಯಾಮೆರಾಗಳಲ್ಲೂ ಸೈಲೆಂಟ್ ಶಟರ್ ಹಾಕಿದರೆ ಇದೇ ಗತಿ. ಛತ್ರದಲ್ಲಿ ಸೈಲೆಂಟ್ ಬೇಡ, ಹೇಗಿದ್ದರೂ ವಾಲಗದ ಸದ್ದಿನಲ್ಲಿ ನಿಮ್ಮ ಕ್ಲಿಕ್ ಯಾರಿಗೂ ಕೇಳಿಸುವುದಿಲ್ಲ. ಮೆನುವಿನಲ್ಲಿ ಆಂಟಿ ಫ್ಲಿಕರ್ ಅಂತ ಇದ್ದರೆ ಆನ್ ಮಾಡಿಡಿ.

ಲೆನ್ಸ್ ಬದಲಾಯಿಸುವ ರಗಳೆಯೇ ಬೇಡ ಅನ್ನುವವರಿಗೆ ಎರಡು ದಾರಿ. ಜೇಬಿನಲ್ಲಿ ಹಿಡಿಯುವ ಕಾಂಪ್ಯಾಕ್ಟ್‌ಗಳಲ್ಲಿ ಕ್ಯಾನನ್ ಜಿ7 ಎಕ್ಸ್ ಮೂರನೇ ಮಾಡೆಲ್ ಒಂದು, ಸುಮಾರು 300 ಗ್ರಾಂ, ಲೆನ್ಸ್ ಎಫ್ 1.8ರಿಂದ ಶುರು. ಸೆನ್ಸರ್ ಚಿಕ್ಕದು, ಬೆಲೆ ಚಿಕ್ಕದಲ್ಲ. ಇನ್ನೊಂದು ಫ್ಯೂಜಿಫಿಲ್ಮ್ ಎಕ್ಸ್100 ಆರನೆಯದು: 521 ಗ್ರಾಂ, 23 ಎಂಎಂ ಎಫ್ 2 ಲೆನ್ಸ್ ಅದರಲ್ಲೇ ಕೂತಿರುತ್ತದೆ, ಬಣ್ಣಗಳು ಕ್ಯಾಮೆರಾದಿಂದಲೇ ಚಂದ ಬರುತ್ತವೆ. ಒಂದೂವರೆ ಲಕ್ಷ ದಾಟುತ್ತದೆ. ಆಸೆ ಪಡಲು ಕಾಸು ಬೇಡ, ಅಷ್ಟೇ ಹೇಳುತ್ತೇನೆ.

ಮನೆಯಲ್ಲಿ ಡಿಎಸ್ಎಲ್ಆರ್ ಇದ್ದವರು

ಬೀರುವಿನಲ್ಲಿ 1500ಡಿ ಅಥವಾ 200ಡಿ ಇದೆ, ಭಾರ ಅಂತ ತೆಗೆಯುವುದಿಲ್ಲ, ಹೊಸ ಹಗುರ ಕ್ಯಾಮೆರಾ ತರೋಣ ಅನ್ನುತ್ತೀರಾ? ಸ್ವಲ್ಪ ತಡೆಯಿರಿ. ಕ್ಯಾನನ್ 24 ಎಂಎಂ ಎಫ್ 2.8 ಎಸ್‌ಟಿಎಂ ಅಂತ ಒಂದು ಚಪ್ಪಟೆ ಲೆನ್ಸ್ ಇದೆ, 125 ಗ್ರಾಂ. ಸೆಕೆಂಡ್ ಹ್ಯಾಂಡ್ ಹುಡುಕಿ ಹಾಕಿದರೆ 1500ಡಿ ಸುಮಾರು 600 ಗ್ರಾಮಿಗೆ ಇಳಿಯುತ್ತದೆ, ಮೂತಿ ಉದ್ದ ಇರುವುದಿಲ್ಲ, ಹಾಲ್‌ಗೆ ಬೇಕಾದ ಅಗಲವೂ ಸಿಗುತ್ತದೆ. ಇದನ್ನು ಹಾಕಿ ಒಂದು ಹಬ್ಬ ಕಳೆಯಲಿ, ಆಮೇಲೂ ಹೊಸದೇ ಬೇಕು ಅನಿಸಿದರೆ ಹೊಸದು. ಹೊಸದರಲ್ಲಿ ಇದಕ್ಕಿಂತ ನಿಜಕ್ಕೂ ಮೇಲಾದದ್ದು ಫೋಕಸ್. 1500ಡಿಯ ವ್ಯೂಫೈಂಡರ್‌ನಲ್ಲಿ ಇರುವುದು ಒಂಬತ್ತು ಬಿಂದು, ಕಣ್ಣು ಮೂಗು ಅದಕ್ಕೆ ಗೊತ್ತಿಲ್ಲ. ಮಕ್ಕಳು ಚಿಕ್ಕವರಿದ್ದರೆ ಈ ವ್ಯತ್ಯಾಸಕ್ಕೆ ದುಡ್ಡು ಕೊಡಬಹುದು. ಮಕ್ಕಳು ಕಾಲೇಜಿಗೆ ಹೋಗುತ್ತಿದ್ದರೆ ಬೇಡ, ಅವರು ಓಡುವುದಿಲ್ಲ. ಫೋಟೋಗೆ ನಿಲ್ಲುವುದೂ ಇಲ್ಲ, ಅದು ಬೇರೆ ಮಾತು.

ತಂದ ಮೇಲೆ

ಡಯಲನ್ನು ಕ್ಯಾನನ್‌ನಲ್ಲಿ Tv, ಬೇರೆಯವಲ್ಲಿ S ಅನ್ನುವ ಕಡೆ ತಿರುಗಿಸಿ. ಶಟರ್ ಸ್ಪೀಡ್ ಸೆಕೆಂಡಿನ 250ನೇ ಒಂದು ಭಾಗಕ್ಕೆ ಇಡಿ, ಐಎಸ್ಓ ಆಟೋ, ಮೇಲ್ಮಿತಿ 6400. ಮಕ್ಕಳಿರುವ ಮನೆಗೆ ಮೊದಲ ಆರು ತಿಂಗಳು ಇಷ್ಟು ಸಾಕು. ಫೋಟೋ ಕಳಿಸುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಇಲ್ಲದಿದ್ದರೆ ಅದು ಹಿಂಡಿ ಹಿಪ್ಪೆ ಮಾಡುತ್ತದೆ. ಕ್ಯಾಮೆರಾ ಕಂಪನಿಯ ಆ್ಯಪನ್ನು ಫೋನಿಗೆ ಹಾಕಿಕೊಂಡರೆ ಇನ್ನೊಂದು ಉಪಯೋಗ ಇದೆ. ಫೋನೇ ರಿಮೋಟ್ ಆಗುತ್ತದೆ. ಮನೆಯ ಆಲ್ಬಮ್‌ಗಳಲ್ಲಿ ಫೋಟೋ ತೆಗೆಯುವವರು ಒಬ್ಬರು ಯಾವತ್ತೂ ನಾಪತ್ತೆ ಅಲ್ವಾ? ಕ್ಯಾಮೆರಾವನ್ನು ಶೋಕೇಸ್ ಮೇಲೆ ಇಟ್ಟು, ಸ್ಕ್ರೀನ್ ನಿಮ್ಮ ಕಡೆ ತಿರುಗಿಸಿ, ನೀವೂ ಹೋಗಿ ಕೂರಿ.

ಬಿಲ್ ವಿಷಯದಲ್ಲಿ ರಾಜಿ ಬೇಡ. ಜಿಎಸ್‌ಟಿ ಬಿಲ್ಲು, ಭಾರತದ ವಾರಂಟಿ ಎರಡೂ ಇರಲಿ. ಬೇರೆ ದೇಶದಿಂದ ಬಂದ ಮಾಲು ಐದು ಸಾವಿರ ಕಮ್ಮಿಗೆ ಸಿಗುತ್ತದೆ, ಕೆಟ್ಟಾಗ ಸರ್ವಿಸ್ ಸೆಂಟರ್‌ನಲ್ಲಿ ಉಚಿತ ರಿಪೇರಿಗೆ ತಗೊಳ್ಳುವುದಿಲ್ಲ. ಜೊತೆಗೆ ಇನ್ನೊಂದು ಬ್ಯಾಟರಿ ಕೊಳ್ಳಿ. ಹಗುರ ಕ್ಯಾಮೆರಾಗಳ ಬ್ಯಾಟರಿಯೂ ಹಗುರ, ಮದುವೆಯ ಮುಹೂರ್ತಕ್ಕೆ ಇದ್ದದ್ದು ಆರತಕ್ಷತೆಗೆ ಇರುವುದಿಲ್ಲ.

ಮಲೆನಾಡು, ಕರಾವಳಿಯವರಿಗೆ ಒಂದು ಮಾತು. ಮಳೆಗಾಲದಲ್ಲಿ ಲೆನ್ಸ್ ಒಳಗೆ ಫಂಗಸ್ ಬರುತ್ತದೆ, ಜೇಡರ ಬಲೆಯ ಎಳೆಯಂತೆ ಗಾಜಿನ ಮೇಲೆ ಹಬ್ಬುತ್ತದೆ. ಕ್ಯಾಮೆರಾ ಚೀಲದಲ್ಲೇ ಇಟ್ಟು ಬೀರುವಿಗೆ ಹಾಕುವುದು ಅದಕ್ಕೆ ಒಳ್ಳೆಯ ಮನೆ ಮಾಡಿಕೊಟ್ಟಂತೆ. ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬ ತನ್ನಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಅದರ ಕಾಳುಗಳ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ವಾರಕ್ಕೊಮ್ಮೆ ಹೊರಗೆ ತೆಗೆದು ನಾಲ್ಕು ಫೋಟೋ ತೆಗೆಯಿರಿ. ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವಾಗಲೂ ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಧೂಳಿನ ಚುಕ್ಕೆಗಳಿದ್ದರೆ ಪರವಾಗಿಲ್ಲ, ಎಳೆ ಎಳೆಯಾಗಿ ಕಂಡರೆ ವಾಪಸ್ ಕೊಟ್ಟು ಬನ್ನಿ. ಆಯುಧ ಪೂಜೆಯ ದಿನ ಕ್ಯಾಮೆರಾಕ್ಕೆ ಅರಿಶಿನ ಕುಂಕುಮ ಹಚ್ಚುವಾಗ ಲೆನ್ಸ್ ಕ್ಯಾಪ್ ಹಾಕಿರಲಿ, ಬೊಟ್ಟು ಕುತ್ತಿಗೆಗೆ ಹಾಕುವ ಪಟ್ಟಿಯ ಮೇಲೆ ಇಡಿ.